ಜಿಗಣಿಯ ಬೆನ್ನಿನ ಗಾಯ

ಇಟಲಿ, ೨೦೦೩

ಅಪ್ಪಾ, ಪ್ರಣಿತಾಳ ಜೈ ಜಿನೇಂದ್ರ.

ಊರು ಬಿಡುವಾಗ ನೀವು, "ಜೀವ ನೋಯಿಸಿ ಕಲಿಯೂ ವಿದ್ಯಾ ಯಾಕವಾ?" ಅಂದಿದ್ರಿ. ಹೋದ ವಾರ ಇಲ್ಲಿ ಲ್ಯಾಬಿನ್ಯಾಗ ಒಂದು ಜಿಗಣಿಗೆ ಮಂಪರು ಬರಿಸಿ, ಅದರ ಬೆನ್ನಿಗೆ ನಾನ ಸಣ್ಣ ಗಾಯ ಮಾಡಿದೆ. ಅವತ್ತು ಊಟ ಸೇರಲಿಲ್ಲ.

ಇವತ್ತು ನೋಡಿದ್ರ, ಮೊದಲು ರಕ್ತನಾಳನ ಇಲ್ಲದ ಆ ಜಾಗಾದಾಗ ಕೂದಲೆಳಿಯಂಥ ಹೊಸ ನಾಳ ಹುಟ್ಟ್ಯಾವು. "ನಮ್ಮಪ್ಪನ ಕಾಲಿನ ಗಾಯ ಮಾಯಾಕೂ ಹಿಂಗ ನಾಳ ಹುಟ್ಟಿಸಬಹುದೇನ್ರಿ?" ಅಂತ ನಮ್ಮ ಮ್ಯಾಡಮ್‌ಗೆ ಕೇಳಿದೆ. "ಅದನ್ನ ಕಲಿಯಾಕ ಇನ್ನೂ ಭಾಳ ವರ್ಷ ಬೇಕು" ಅಂದ್ರು.

ನಿಮ್ಮ ಸಕ್ಕರಿ ರೋಗದ ಗಾಯ ಅಷ್ಟು ವರ್ಷ ಕಾಯೂದಿಲ್ಲ. ಅರಿಷಿಣ ಮೆತ್ತೂದು ಬಿಟ್ಟು, ಈ ಕಾರ್ಡ್ ಮುಟ್ಟಿದ ದಿನಾನ ಘಟಪ್ರಭಾ ದವಾಖಾನಿಗೆ ಹೋಗ್ರಿ. ನನಗ ಬೈಯೂದಿದ್ರ ಬೈರಿ, ಆದ್ರ ಕಾಲು ತೋರಿಸಿ ಬಂದು ಬೈರಿ.

ನಿಮ್ಮ ಮಗಳು,
ಪ್ರಣಿತಾ