ಮೈಮೂನಾ ಉಮ್ಮ ಕೇಳದೆ ತಿಂದ ಮೀನು

ಕೋಬೆ, ೨೧೭೪, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಪ್ರೀತಿಯ ವಾರಿಜಜ್ಜಿ,

‘ದಾರಿ ತೋರಿದವಳ ಕಣ್ಣಲ್ಲಿ ಊರು ನಿಂತಿತ್ತು’ ಎಂದು ಎಲ್ಲೋ ಓದಿದ ನೆನಪು. ತೋರಿದವಳ ಕಣ್ಣೋ, ನೋಡಲು ಬಂದವಳ ಕಣ್ಣೋ? ಬಹುಶಃ ಎರಡನೆಯದೇ ಇರಬೇಕು. ನನಗೆ ಹಿತವಾಗುವಂತೆ ನಾನೇ ತಿದ್ದಿಕೊಂಡಿದ್ದೇನೆ. ಕವಿತೆ ಓದುವವರಿಗೆ ಈ ಚಾಳಿ ಇರುತ್ತದೆ.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಈಗ ಪ್ರತಿ ತಿಂಗಳಿಗೂ ಇಪ್ಪತ್ತೆಂಟೇ ದಿನ. ಉಳಿದ ದಿನಗಳು ಸೇರಿ ಹದಿಮೂರನೆಯ ತಿಂಗಳಾಗಿವೆ. ನನ್ನ ಕೆಲವು ಪದಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ನೀವು ನನ್ನ ಅಜ್ಜಿಯ ಅಜ್ಜಿ. ಊರಿನಿಂದ ಬರುವ ಅತಿಥಿಗಳು ಈ ನಗರದಲ್ಲಿ ಒಂದು ದಿನವನ್ನು ಹೇಗೆ ಕಳೆಯಬಹುದೆಂದು ನೀವು ಬರೆದಿಟ್ಟ ಹಾಳೆಗಳು ನನ್ನ ಬಳಿ ಇವೆ. ಅವುಗಳಲ್ಲೊಂದು ನಿಮ್ಮ ಮುಸ್ಲಿಂ ಗೆಳತಿಗಾಗಿ ಬರೆದದ್ದು. ಅದನ್ನು ನಾನು ಬಳಸಿಕೊಂಡೆ. ಆದ್ದರಿಂದ ಆದದ್ದನ್ನು ನಿಮಗೆ ಹೇಳಬೇಕು.

ಪಕ್ಕದ ಮನೆಯ ಸಫೂರಾಳ ತಾಯಿ ಮೈಮೂನಾ ಉಮ್ಮ ಉಳ್ಳಾಲದಿಂದ ಬಂದಿದ್ದರು. ಸಫೂರಾಗೆ ರಜೆ ಸಿಗಲಿಲ್ಲ. ಊರು ತೋರಿಸುವ ಹೊಣೆಯನ್ನು ನಾನೇ ಕೇಳಿ ಪಡೆದೆ. ಮೂರು ವಾರ ಯೋಜನೆ ಹಾಕಿದೆ. ಬೆಳಿಗ್ಗೆ ನೀರುಬೀದಿ, ಅಂದರೆ ನಿಮ್ಮ ಕಾಲದ ಬಂದರಿನ ರಸ್ತೆ. ಸಮುದ್ರ ಏರಿದ ಮೇಲೆ ಅಲ್ಲಿ ದೋಣಿ ಓಡುತ್ತದೆ. ಈ ಸಮುದ್ರವನ್ನು ಯಾರೋ ಬೈದು ಮೂಲೆಯಲ್ಲಿ ಕೂರಿಸಿದ ಹಾಗಿದೆ, ನಮ್ಮ ಉಳ್ಳಾಲದ್ದು ಒಂದು ದಿನವೂ ಹೇಳಿದ ಮಾತು ಕೇಳಿಲ್ಲ ಎಂದು ಉಮ್ಮ ನಕ್ಕರು. ಈಗ ನಡುಹಗಲು ಬಯಲಿನಲ್ಲಿ ಯಾರೂ ನಡೆಯುವಂತಿಲ್ಲ. ಬೀದಿಗಳ ಮೇಲೆ ಬಟ್ಟೆಯ ಚಾವಣಿ ಕಟ್ಟಿದ ನೆರಳುಸಾಲುಗಳಲ್ಲೇ ಓಡಾಟ. ಮಧ್ಯಾಹ್ನದ ನಮಾಜಿಗೆ ಇಳಿಜಾರಿನ ಹಳೆಯ ಮಸೀದಿಯನ್ನು ಬಿಸಿಲು ತಾಗದೆ ತಲುಪುವ ದಾರಿ ಹುಡುಕಿಟ್ಟಿದ್ದೆ. ಅವರಿಗೆ ಮೊಣಕಾಲು ನೋವು. ಕೂತು ಕೈಕಾಲು ತೊಳೆಯಲು ಎತ್ತರದ ಕಲ್ಲು ಇದೆಯೇ ಎಂದು ಮೊದಲೇ ಹೋಗಿ ನೋಡಿಬಂದಿದ್ದೆ. ಮೂರು ಗಂಟೆಗೆ ಬೆಟ್ಟಕ್ಕೆ ತೂಗುಬಂಡಿ.

ನಡುವೆ ಊಟ. ಈಗಿನ ದೊಡ್ಡ ಹೋಟೆಲುಗಳಲ್ಲಿ ಪ್ರತಿ ಬಟ್ಟಲಿಗೂ ಒಂದು ಸಾಕ್ಷಿಮಣಿ ಇರುತ್ತದೆ. ಅಡುಗೆಗೆ ಏನೇನು ಬಿದ್ದಿದೆ ಎಂದು ತಿಳಿಸುವ ಗಾಜಿನ ಗುಂಡು. ನಾನು ಅಂಥಲ್ಲಿಗೆ ಹೋಗಲಿಲ್ಲ. ಒಬ್ಬ ಮುದುಕಿ ನಡೆಸುವ, ಆರೇ ಜನ ಕೂರಬಹುದಾದ ಒಂದು ಹಳೆಯ ಜಾಗ ನನಗೆ ಇಷ್ಟ, ಅಲ್ಲಿಗೇ ಕರೆದೊಯ್ದೆ. ಅಡುಗೆಗೆ ಮದ್ಯ ಹಾಕುತ್ತೀರಾ ಎಂದು ಮುಂಚೆ ಕೇಳಿದ್ದೆ, ಇಲ್ಲ ಎಂದಿದ್ದಳು. ಆಕೆ ಸುಳ್ಳು ಹೇಳಿರಲಿಲ್ಲ. ಮೀನು ಬೇಯಿಸುವಾಗ ಹಾಕುವ ಮಿರಿನ್ ಎಂಬ ಸಿಹಿ ಅಕ್ಕಿಮದ್ಯ ಆಕೆಯ ಲೆಕ್ಕದಲ್ಲಿ ಕುಡಿಯುವ ವಸ್ತುವಲ್ಲ, ಉಪ್ಪು ಹುಳಿಯ ಜೊತೆಗಿನದು. ಹೆಸರು ಹಿಡಿದೇ ಕೇಳಬೇಕೆಂದು ನೀವು ಹಾಳೆಯಲ್ಲಿ ಬರೆದು ಅಡಿಯಲ್ಲಿ ಎರಡು ಗೆರೆ ಎಳೆದಿದ್ದೀರಿ. ಓದಿದ್ದೆ. ಮತ್ತೆ ಮತ್ತೆ ಕೇಳಿದರೆ ಆಕೆಗೆ ಬೇಸರವಾದೀತೆಂದು ಬಿಟ್ಟೆ.

ಉಮ್ಮ ಎರಡು ತುತ್ತು ತಿಂದಿದ್ದರು. ನೀರಿಗೆಂದು ಎದ್ದ ನನಗೆ ಒಲೆಯ ಬಳಿ ಮಿರಿನ್ ಬಾಟಲಿ ಕಂಡಿತು. ಮುದುಕಿ ಅದನ್ನು ಮುಂದಿನ ಸರದಿಯ ಮೀನಿಗೆ ಸುರಿಯುತ್ತಿದ್ದಳು. ಹೇಳಬೇಕೆಂದೇ ತಿರುಗಿ ಬಂದು ಕೂತೆ.

“ಹೊರಗೆ ಕೂತು ಒಂದೂ ಕೇಳದೆ ತಿಂದು ಎಷ್ಟು ವರ್ಷ ಆಯ್ತೋ ಮಗಾ,” ಎಂದರು ಉಮ್ಮ. “ನೀನು ಕೇಳಿದ್ದಿ ಅಲ್ವಾ, ನಂಗೆ ಅಷ್ಟು ಸಾಕು.”

ನಾನು ಬಾಯಿ ತೆರೆಯಲಿಲ್ಲ. ಅವರಿಗೆ ನೋವಾಗದಿರಲೆಂದು ಸುಮ್ಮನಾದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ಅಷ್ಟು ಚೆನ್ನಾಗಿ ಹೊಂದಿಸಿದ ನನ್ನ ದಿನ ಕೆಡಬಾರದಿತ್ತು. ಅವರು ಇನ್ನೊಂದು ತುಂಡು ಕೇಳಿದಾಗ ತಟ್ಟೆಯನ್ನು ನಾನೇ ಅವರತ್ತ ಸರಿಸಿದೆ.

ಮೂರು ದಿನ ಆ ಮನೆಯ ಕಡೆ ಸುಳಿಯಲಿಲ್ಲ. ನಿನ್ನೆ ಸಫೂರಾ ಹೇಳಿಕಳಿಸಿದಳು: ಉಮ್ಮ ಮರುದಿನ ಹೊರಡುತ್ತಾರೆ, ಆ ಮೀನು ಮಾಡುವುದು ಹೇಗೆಂದು ಬರೆದುಕೊಡಬೇಕಂತೆ, ರಂಜಾನಿನಲ್ಲಿ ಉಪವಾಸ ಬಿಡುವ ಹೊತ್ತಿಗೆ ಓಣಿಯವರಿಗೆಲ್ಲ ಮಾಡಿ ಬಡಿಸುವ ಆಸೆಯಂತೆ. ಬರೆದೆ, ವಾರಿಜಜ್ಜಿ. ಮಿರಿನ್ ಇದ್ದ ಕಡೆ ಬೆಲ್ಲದ ನೀರು ಎಂದು ಬರೆದೆ. ಅಕ್ಷರ ಎಲ್ಲೂ ನಡುಗಲಿಲ್ಲ. ಅದನ್ನು ನೋಡಿಯೇ ನನಗೆ ನನ್ನ ಬಗ್ಗೆ ಹೇಸಿಗೆಯಾದದ್ದು.

ನಿಮ್ಮ ಹಾಳೆಯಲ್ಲಿ ಇನ್ನೂ ಜಾಗವಿದ್ದರೆ ಒಂದು ಸಾಲು ಸೇರಿಸಿ: ಗೊತ್ತಾದ ಕೂಡಲೇ ಹೇಳಿ, ತುತ್ತು ಕೈಯಲ್ಲಿರುವಾಗಲೇ. ನನ್ನಂಥವಳು ಓದಿಯೂ ಮೀರಬಹುದು. ಆದರೂ ಸೇರಿಸಿ.

ಇಂದು ಬೆಳಿಗ್ಗೆ ಆ ಕಾಗದ ಹಿಡಿದು ಹೋದೆ. ಸಫೂರಾ ಬಾಗಿಲು ತೆರೆದು ಕೈ ಚಾಚಿದಳು. ಕೊಡಲಾಗಲಿಲ್ಲ. ಹೊರಗೆ ನಿಂತೇ ಎಲ್ಲವನ್ನೂ ಹೇಳಿದೆ. ಉಮ್ಮನಿಗೆ ನೀನೇ ತಿಳಿಸು ಎಂದು ಬೇಡಿಕೊಂಡೆ. ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಗೊತ್ತಿಲ್ಲದೆ ತಿಂದದ್ದಕ್ಕೆ ಉಮ್ಮನಿಗೆ ಪಾಪ ಇಲ್ಲ ಅಕ್ಕ,” ಎಂದಳು. “ಆದರೆ ಇದನ್ನು ನಾನು ಹೇಳುದಿಲ್ಲ. ಚಪ್ಪಲಿ ಅಲ್ಲೇ ಬಿಡಿ, ಒಳಗೆ ಬನ್ನಿ. ಅವರು ಎದ್ದಿದ್ದಾರೆ.”