ಉರಿಗೆ ಹಿಡಿದ ತಮಟೆ

ಓಬಳೇಶ,

ನೀನು ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿನ್ನನ್ನು ಮಣ್ಣು ಮಾಡಿ ಮೂರು ವರ್ಷವಾಯಿತು. ಆದರೂ ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ನಿನ್ನೆ ಪಾವಗಡದಲ್ಲಿ ನನ್ನ ಮಗಳು ಅನುಷಾಳ ಕಾಲೇಜಿನ ಕಾರ್ಯಕ್ರಮ. ಹುಡುಗಿಯರದ್ದೇ ತಮಟೆ ತಂಡ. ತನ್ನ ತಮಟೆಯನ್ನು ನನ್ನ ಕೈಗೆ ಕೊಟ್ಟು ಬಟ್ಟೆ ಬದಲಿಸಲು ಹೋದಳು. ಪಕ್ಕದಲ್ಲೇ ಅಡುಗೆಯವರ ಒಲೆ ಉರಿಯುತ್ತಿತ್ತು. ನನಗರಿವಿಲ್ಲದೆ ತಮಟೆಯನ್ನು ಉರಿಗೆ ಹಿಡಿದು, ನೀನು ಮಾಡುತ್ತಿದ್ದಂತೆಯೇ ನಿಧಾನವಾಗಿ ತಿರುಗಿಸಿದೆ. ಚರ್ಮ ಬಿಗಿಯಾಗಲೆಂದು ಕಾಯುತ್ತಿದ್ದರೆ, ಅದು ಸುರುಟಿಕೊಂಡು ತೂತಾಯಿತು.

ಅನುಷಾ ಓಡಿ ಬಂದಳು. "ಅಯ್ಯೋ, ಇದು ಪ್ಲಾಸ್ಟಿಕ್ ಕಣಪ್ಪಾ! ಇದನ್ನ ಯಾರಾದ್ರೂ ಕಾಯಿಸ್ತಾರಾ?"

ನೀನು ಚರ್ಮವನ್ನು ಬಿಸಿಲಿಗೆ ಹಿಡಿದು, ಉಗುರಿನಿಂದ ತಟ್ಟಿ, ಎಲ್ಲಿ ತೆಳುವಾಗಿದೆ ಎಂದು ಹೇಳುತ್ತಿದ್ದೆ. ನೀನು ಕಟ್ಟಿದ ತಮಟೆಯ ಸದ್ದು ಮೂರು ಊರಿಗೆ ಕೇಳುತ್ತಿತ್ತು. ಮೇಷ್ಟ್ರಾದ ಹೊಸದರಲ್ಲಿ, ನಿನ್ನ ಜೊತೆಗೇ ಬೆಳೆದ ನಾನೇ ನಿನ್ನ ಅಂಗಳಕ್ಕೆ ಬಂದು, "ನಮ್ಮೋರು ಹೆಣದ ಮುಂದೆ ಬಡಿಯೋದು ಸಾಕು, ಬುಟ್ಬುಡು ಕಣ್ಲಾ" ಎಂದಿದ್ದೆ. ನೀನು ಕೇಳಿದ್ದು ಒಂದೇ ಮಾತು: "ಬಡಿಯೋದು ಬುಡ್ತೀನಿ. ಮಾಡೋದನ್ನೂ ಬುಡ್ಬೇಕೇನ್ಲಾ?"

ನಾನು ಹೂಂ ಎಂದೆ. ನೀನು ಬಿಟ್ಟೆ.

ಅನುಷಾ ಬೇರೆ ಯಾರದೋ ತಮಟೆ ತಂದು ಬಾರಿಸಿದಳು. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು, "ತಮಟೆ ಕಾಯ್ಸೋದನ್ನ ನಿಂಗ್ಯಾರಪ್ಪ ಹೇಳ್ಕೊಟ್ಟಿದ್ದು?"

"ಯಾರೋ, ನಮ್ಮೂರೋರು" ಎಂದುಬಿಟ್ಟೆ.