ಮುಖ ಕಾಣುವವರ ಸಹಿ

ಅಕ್ಕಾ,

ನೀನೇ ನನಗೆ ಹುಚ್ಚು ಹಿಡಿಸಿದ ಆ ಎಲೆಕ್ಟ್ರಾನಿಕ್ ಸಂಗೀತದ ಬ್ಯಾಂಡು ಅಭಿಮಾನಿಗಳಿಗೆ ರೀಮಿಕ್ಸ್ ವಿಡಿಯೊ ಸ್ಪರ್ಧೆ ಇಟ್ಟಿತ್ತು. ತಾರಸಿಯಲ್ಲಿ ನಾವಿಬ್ಬರೂ ಕುಣಿದದ್ದನ್ನು ಅಮ್ಮ ಫೋನಿನಲ್ಲಿ ತೆಗೆದಿದ್ದಳಲ್ಲ, ಅದನ್ನೇ ಬೀಟಿಗೆ ತಕ್ಕಂತೆ ಕತ್ತರಿಸಿ ಜೋಡಿಸಿದೆ. ಆದರೆ ಮುಖ ಕಾಣುವ ಎಲ್ಲರ ಒಪ್ಪಿಗೆಯ ಸಹಿ ಬೇಕೆಂಬ ನಿಯಮವಿತ್ತು. ನಾವು ಮಾತು ಬಿಟ್ಟು ನಾಲ್ಕು ವರ್ಷವಾದರೂ ನಿನ್ನ ನಂಬರ್ ನನಗೆ ಬಾಯಿಪಾಠ. ಫೋನ್ ಮಾಡುವ ಬದಲು ಹನ್ನೊಂದು ದಿನ ಕೂತು ಒಂದೊಂದೇ ಫ್ರೇಮಿನಿಂದ ನಿನ್ನನ್ನು ಅಳಿಸಿದೆ.

ಇವತ್ತು ಫಲಿತಾಂಶ ಬಂತು. ಮೊದಲ ಬಹುಮಾನ ನನಗೇ. ‘ಒಂಟಿತನವನ್ನು ಇಷ್ಟು ಚೆನ್ನಾಗಿ ಯಾರೂ ತೋರಿಸಿಲ್ಲ’ ಎಂದು ಬ್ಯಾಂಡಿನವರು ಬರೆದಿದ್ದಾರೆ.

ಅಮ್ಮನಿಗೆ ತೋರಿಸಿದೆ.

“ನಿನ್ನ ಕೈ ಯಾಕೇ ಹಾಗೆ ಗಾಳೀಲಿ ನಿಂತಿದೆ?”

“ಅದು ಸ್ಟೆಪ್ಪು ಕಣಮ್ಮ.”

ಅಮ್ಮ ಮತ್ತೊಮ್ಮೆ ನೋಡಿ ಫೋನನ್ನು ಮಗುಚಿಟ್ಟಳು.

“ಅವಳ ಹೆಗಲ ಮೇಲಿತ್ತು,” ಎಂದಳು.